ಸಾದಾ ಟೆಕ್ಸ್ಟ್ ಎಡಿಟರ್‌ಗೆ ಎಐ ಬೇಕು ಅಂತ ಕೇಳಿದವರು ಯಾರು?

ಖಾಲಿಹಾಳೆ

ವಿಂಡೋಸ್ ಜೊತೆ ಬರುವ ಸಾದಾ ಎಡಿಟರ್ ನೋಟ್‌ಪ್ಯಾಡ್‌ನ ಪರೀಕ್ಷಾ ಆವೃತ್ತಿಗೆ 2024ರ ನವೆಂಬರ್‌ನಲ್ಲಿ ‘ರೀರೈಟ್’ ಅನ್ನುವ ಎಐ ಬಟನ್ ಬಂತು. 2025ರ ಮಾರ್ಚ್‌ನಲ್ಲಿ ‘ಸಮ್ಮರೈಸ್’, ಮೇ ತಿಂಗಳಲ್ಲಿ ‘ರೈಟ್’. ಮೊದಲು ನೀನು ಬರೆದದ್ದನ್ನು ತಿದ್ದಿಕೊಡ್ತೀನಿ ಅಂದಿತು, ಆಮೇಲೆ ಮೊಟಕು ಮಾಡಿಕೊಡ್ತೀನಿ ಅಂದಿತು, ಕೊನೆಗೆ ನೀನು ಬರೆಯೋದೇ ಬೇಡ ಬಿಡು ಅಂದಿತು.

ಎಐ ಮೇಲೆ ನನಗೆ ಹಗೆಯಿಲ್ಲ. ಕೆಲಸದಲ್ಲಿ ದಿನಾ ಬಳಸ್ತೀನಿ. ಬೇಕಾದಾಗ ನಾನೇ ಅದರ ಹತ್ತಿರ ಹೋಗ್ತೀನಿ, ಕೇಳ್ತೀನಿ, ಬರ್ತೀನಿ. ಆದರೆ ಸಾದಾ ಎಡಿಟರನ್ನು ನಾವು ತೆರೆಯುವುದು ಯಾವುದಕ್ಕೆ ಅಂತ ಒಮ್ಮೆ ನೋಡಿ. ವೆಬ್ ಪುಟದಿಂದ ಕಾಪಿ ಮಾಡಿದ ಪಠ್ಯದ ಬಣ್ಣ, ಫಾಂಟು, ಲಿಂಕು ಎಲ್ಲ ಕಿತ್ತು ಹಾಕೋಕೆ. ಪ್ರೋಗ್ರಾಂನ ದಿನಚರಿಯಂಥ ಲಾಗ್ ಫೈಲ್ ಓದೋಕೆ. ಸೆಟ್ಟಿಂಗ್ ಬರೆದಿಟ್ಟ ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಬದಲಿಸೋಕೆ. ಫೋನಿನಲ್ಲಿ ಮಾತಾಡ್ತಾ ಇರುವಾಗ ಯಾರೋ ಹೇಳಿದ ನಂಬರ್ ಗೀಚಿಕೊಳ್ಳೋಕೆ. ಇದರಲ್ಲಿ ಯಾವ ಕೆಲಸದಲ್ಲೂ ನನ್ನ ವಾಕ್ಯ ಚೆನ್ನಾಗಿದೆಯಾ ಇಲ್ಲವಾ ಅನ್ನುವ ಅಭಿಪ್ರಾಯ ಬೇಕಿಲ್ಲ. ಬಹಳ ಸಲ ಅಲ್ಲಿ ವಾಕ್ಯವೇ ಇರುವುದಿಲ್ಲ.

ಈ ಜಾತಿಯ ತಂತ್ರಾಂಶ ಕೊಡುವ ಮಾತು ಒಂದೇ. ನಾನು ಒತ್ತಿದ ಅಕ್ಷರ ಫೈಲಿನಲ್ಲಿ ಇರುತ್ತೆ, ಒತ್ತದ ಅಕ್ಷರ ಇರುವುದಿಲ್ಲ. ಎಐ ಬಟನ್ ಒತ್ತದಿದ್ದರೆ ಈ ಮಾತು ಮುರಿಯಲ್ಲ ಅಂತ ಯಾರಾದರೂ ವಾದಿಸಬಹುದು, ಸರಿ. ಆದರೆ ಅದರ ಬಗ್ಗೆ ಅನುಮಾನ ಪಡಬೇಕಾದ ಪರಿಸ್ಥಿತಿ ಯಾಕೆ ಬರಬೇಕು? ನಿಮ್ಮ ಅನುಭವ ಏನು, ಏನು ಬಳಸ್ತಾ ಇದೀರಿ?

ವಿಮ್‌ಭಕ್ತ

ವಿಮ್ ಹಾಕ್ಕೋ ಗುರು, ಎಲ್ಲಾ ಕೀಬೋರ್ಡಿನಲ್ಲೇ ನಡೆಯೋ ಹಳೇ ಎಡಿಟರ್. ಚರ್ಚೆ ಮುಗೀತು.

ಸುಮ್ಮನೆಓದುಗ

ಹಾಕ್ಕೊಂಡ ಮ್ಯಾಲ ಹೊರಗ ಬರೋದ್ ಹ್ಯಾಂಗಂತ ಅದನ್ನೂ ಹೇಳ್ರಿ ಮತ್ತ.

ಹಳೇಕೀಬೋರ್ಡ್

ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ. ನೋಟ್‌ಪ್ಯಾಡ್ ಹುಟ್ಟಿದ್ದು 1983ರಲ್ಲಿ, ವಿಂಡೋಸ್‌ಗೆ ಮುಂಚಿನ ಡಾಸ್‌ನಲ್ಲಿ ಮೌಸ್ ಜೊತೆ ಬಳಸುವ ಸಣ್ಣ ಪ್ರೋಗ್ರಾಂ ಆಗಿ. 1985ರ ಮೊದಲ ವಿಂಡೋಸ್‌ನಿಂದ ಇವತ್ತಿನವರೆಗೂ ಪ್ರತಿ ವಿಂಡೋಸ್‌ನಲ್ಲೂ ಇದೆ. ಅದರ ಮಿತಿಗಳೂ ಅಷ್ಟೇ ಪ್ರಸಿದ್ಧ. ವಿಂಡೋಸ್ 95, 98 ಕಾಲದಲ್ಲಿ ಸುಮಾರು 64 ಕೆಬಿ ದಾಟಿದ ಫೈಲ್ ಕೊಟ್ಟರೆ ‘ಇದು ನನಗೆ ದೊಡ್ಡದಾಯ್ತು, ವರ್ಡ್‌ಪ್ಯಾಡ್‌ನಲ್ಲಿ ತೆರೆಯಲಾ?’ ಅಂತ ಕೇಳುತ್ತಿತ್ತು. ತನ್ನ ಕೈಲಿ ಆಗಲ್ಲ ಅಂತ ಹೇಳುವ ತಂತ್ರಾಂಶ ಈಗ ಎಲ್ಲಿದೆ ಹೇಳಿ.

ಹಾಗಂತ ಹಳೆಯದೆಲ್ಲ ಚಿನ್ನ ಅನ್ನುವ ಪೈಕಿ ನಾನಲ್ಲ. ಲಿನಕ್ಸ್‌ನಿಂದ ಬಂದ ಫೈಲನ್ನು ಹಳೆಯ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸಾಲುಗಳೆಲ್ಲ ಅಂಟಿಕೊಂಡು ಒಂದೇ ಉದ್ದ ಸಾಲಾಗಿ ಕಾಣ್ತಿತ್ತು. ಅದನ್ನು ಸರಿ ಮಾಡಿದ್ದು 2018ರಲ್ಲಿ. 2019ರಲ್ಲಿ ಹೊಸ ಫೈಲ್, ಎಲ್ಲ ಭಾಷೆಯ ಅಕ್ಷರ ಹಿಡಿಯುವ ಯುಟಿಎಫ್-8 ಆಗಿಯೇ ಉಳಿಯುವಂತೆ ಮಾಡಿದರು. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಿಲ್ಲ. ಅದಕ್ಕೆ ಮುಂಚೆ ಎನ್‌ಕೋಡಿಂಗ್ (ಅಕ್ಷರ ಉಳಿಸುವ ವಿಧಾನ) ಬದಲಿಸದೆ, ಎಚ್ಚರಿಕೆಯನ್ನೂ ಓದದೆ, ಕನ್ನಡ ಹಿಡಿಯದ ಹಳೆಯ ‘ಆನ್ಸಿ’ಯಲ್ಲೇ ಸೇವ್ ಮಾಡಿದರೆ, ಮತ್ತೆ ತೆರೆದಾಗ ಇಡೀ ಬರಹ ಪ್ರಶ್ನಾರ್ಥಕ ಚಿಹ್ನೆಗಳ ಮೆರವಣಿಗೆ.

ಈ ಎರಡೂ ಬದಲಾವಣೆಗೆ ಯಾರೂ ಗೊಣಗಲಿಲ್ಲ, ಗಮನಿಸಿ. ಖಾಲಿಹಾಳೆ ಹೇಳಿದ ಆ ಒಂದು ಮಾತನ್ನು ಅವು ಇನ್ನೂ ಗಟ್ಟಿ ಮಾಡಿದವು. ಒತ್ತಿದ ಅಕ್ಷರ ಒತ್ತಿದ ಹಾಗೇ ಉಳಿಯಿತು.

ಕೆಟ್ಟದ್ದು ಎಲ್ಲಿ ಶುರುವಾಯ್ತು ಅಂದರೆ, ನನ್ನ ಲೆಕ್ಕದಲ್ಲಿ, ವರ್ಡ್‌ಪ್ಯಾಡ್ ತೆಗೆದದ್ದರಿಂದ. 2023ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದರು, ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಅದು ಇಲ್ಲವೇ ಇಲ್ಲ. ದಪ್ಪಕ್ಷರ, ಪಟ್ಟಿ ಅಂತ ಸ್ವಲ್ಪ ಅಲಂಕಾರ ಬೇಕಾದವರಿಗೆ ಒಂದು ಮಧ್ಯದ ಜಾಗ ಇತ್ತು, ಅದು ಹೋಯಿತು. ಆ ಭಾರವೆಲ್ಲ ಈಗ ನೋಟ್‌ಪ್ಯಾಡ್ ಮೇಲೆ ಬಿದ್ದಿದೆ. 2025ರಲ್ಲಿ ಮಾರ್ಕ್‌ಡೌನ್ (ಸಾದಾ ಚಿಹ್ನೆಗಳಿಂದಲೇ ದಪ್ಪಕ್ಷರ, ಪಟ್ಟಿ, ಲಿಂಕ್ ಮಾಡುವ ವಿಧಾನ) ಬಂತು, ಆಮೇಲೆ ಕೋಷ್ಟಕವೂ ಬಂತು. ಎಐ ಬಂದದ್ದು ಈ ತೆರೆದ ಬಾಗಿಲಿನಿಂದಲೇ.

ಅಲ್ಪವಿರಾಮ

ಹಳೇಕೀಬೋರ್ಡ್ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಎಐಗಿಂತ ಮೊದಲೇ ಇದರ ತಮ್ಮಂದಿರು ಬಂದಿದ್ದರು. ಸ್ಪೆಲ್‌ಚೆಕ್, ಆಟೋಕರೆಕ್ಟ್. ನಾನು ಕರಡು ತಿದ್ದುವ ಕೆಲಸದವಳು, ಕಾಗುಣಿತ ಪರೀಕ್ಷೆಗೆ ನನ್ನಷ್ಟು ಋಣಿ ಯಾರೂ ಇಲ್ಲ. ಆದರೆ ಅದು ವರ್ಡ್ ಪ್ರೊಸೆಸರ್‌ನಲ್ಲಿ ಇರಲಿ. ನಾನು ಬಳಸುತ್ತಿದ್ದ ಒಂದು ಟಿಪ್ಪಣಿ ಆ್ಯಪ್ (ಹೆಸರು ಬೇಡ) ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ, ಎರಡು ಅಡ್ಡಗೆರೆಯನ್ನು ಒಂದು ಉದ್ದ ಗೆರೆಯಾಗಿ ಸುಂದರ ಮಾಡಿಬಿಡ್ತಿತ್ತು. ನೋಡೋಕೆ ಚೆಂದ. ಅಲ್ಲಿಂದ ಒಂದು ಕಮಾಂಡ್ ಕಾಪಿ ಮಾಡಿ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಅಂಟಿಸಿದರೆ ಓಡಲ್ಲ. ಎದುರಿಗೇ ಇರುವ ದೋಷ ಕಣ್ಣಿಗೆ ಬೀಳಲ್ಲ, ಯಾಕಂದರೆ ಎರಡು ಗೆರೆಗಳೂ ಪರದೆಯ ಮೇಲೆ ಹೆಚ್ಚುಕಮ್ಮಿ ಒಂದೇ ಥರ.

ಎಐ ತಿದ್ದುಪಡಿಯಲ್ಲಿ ಇದೇ ತೊಂದರೆ, ಆದರೆ ಹುಡುಕೋದು ಇನ್ನೂ ಕಷ್ಟ. ಆಟೋಕರೆಕ್ಟ್ ತಪ್ಪಿದರೆ ಒಂದು ಪದ ತಪ್ಪುತ್ತೆ. ‘ರೀರೈಟ್’ ಒತ್ತಿದರೆ ಇಡೀ ಪ್ಯಾರಾ ನಯವಾಗುತ್ತೆ, ‘ಬಹುಶಃ’ ಅಂತ ಇದ್ದದ್ದು ‘ಖಂಡಿತ’ ಆಗಿರುತ್ತೆ, ಎಲ್ಲೋ ಒಂದು ‘ಹೊರತುಪಡಿಸಿ’ ಮಾಯವಾಗಿರುತ್ತೆ. ಓದುವವರಿಗೆ ಅನುಮಾನವೇ ಬರದಷ್ಟು ಚೊಕ್ಕ ವಾಕ್ಯ. ಕರಡು ತಿದ್ದುವವರಿಗೆ ಒರಟು ತಪ್ಪಿಗಿಂತ ನಯವಾದ ತಪ್ಪೇ ಭಯ. ಹೊಸ ಪಠ್ಯವನ್ನು ಹಳೆಯದರ ಪಕ್ಕದಲ್ಲಿಟ್ಟು, ಯಾವ ಪದ ಬದಲಾಯಿತು ಅಂತ ಗುರುತು ಹಾಕಿ ತೋರಿಸದೆ ಬದಲಿಸುವ ಎಡಿಟರ್ ನನ್ನ ಮಟ್ಟಿಗೆ ಎಡಿಟರೇ ಅಲ್ಲ.

ಕಾಗುಣಿತ

ಎಲ್ಲರೂ ಒಂದೇ ಕಡೆ ವಾಲಿದ್ದೀರಿ, ನಾನು ಆಚೆ ಕಡೆ ನಿಲ್ತೀನಿ. ನನಗೆ ಇಂಗ್ಲಿಷ್ ಕಷ್ಟ. ಆಫೀಸಿನ ಮೇಲ್ ಮೊದಲು ಸಾದಾ ಎಡಿಟರ್‌ನಲ್ಲಿ ಹೇಗೋ ಗೀಚಿ, ಆಮೇಲೆ ಬೇರೆ ಕಡೆ ಹೋಗಿ ಸರಿ ಮಾಡಿಸಿ, ವಾಪಸ್ ತಂದು ಹಾಕ್ತಿದ್ದೆ. ಈಗ ಅಲ್ಲೇ ಆಯ್ಕೆ ಮಾಡಿ, ಅಲ್ಲೇ ತಿದ್ದಿಸಿ ಕಳಿಸ್ತೀನಿ. ನನ್ನ ತಮ್ಮನಿಗೆ ಓದೋದು ಬರೆಯೋದು ಚಿಕ್ಕಂದಿನಿಂದ ತೊಡಕು. ಉದ್ದ ಪಠ್ಯವನ್ನು ನಾಲ್ಕು ಸಾಲಿಗೆ ಇಳಿಸುವ ಬಟನ್ ಅವನಿಗೆ ಆಟದ ಸಾಮಾನಲ್ಲ. ‘ಕೇಳಿದವರು ಯಾರು’ ಅಂದರೆ ನಾವು ಕೇಳಿದವರು ಅಂತ ಬರ್ಕೊಳ್ಳಿ. ಬೇಡದವರು ಒತ್ತಬೇಡಿ, ಅಷ್ಟೇ ಅಲ್ವಾ?

ಖಾಲಿಹಾಳೆ

ಕಾಗುಣಿತ, ನಿಮ್ಮ ತಮ್ಮನ ವಿಷಯದಲ್ಲಿ ನನ್ನ ತಕರಾರು ಏನೂ ಇಲ್ಲ. ಆದರೆ ಆ ಸಹಾಯ ಒಂದು ಎಡಿಟರಿನ ಹೊಟ್ಟೆಯೊಳಗೆ ಯಾಕಿರಬೇಕು? ಅವರಿಗೆ ಅದು ಬ್ರೌಸರ್‌ನಲ್ಲೂ ಬೇಕು, ಮೇಲ್‌ನಲ್ಲೂ ಬೇಕು. ಮ್ಯಾಕ್‌ನಲ್ಲಿ 2024ರ ಅಕ್ಟೋಬರ್‌ನ 15.1 ಆವೃತ್ತಿಯಿಂದ ‘ರೈಟಿಂಗ್ ಟೂಲ್ಸ್’ ಅಂತ ಇದೆ. ಅದು ಆಪರೇಟಿಂಗ್ ಸಿಸ್ಟಂನದ್ದು, ಪಠ್ಯ ಇರುವ ಬಹುಪಾಲು ಕಡೆ ಆಯ್ಕೆ ಮಾಡಿ ಕರೆಯಬಹುದು. ಮ್ಯಾಕ್‌ನ ಸಾದಾ ಎಡಿಟರ್ ಟೆಕ್ಸ್ಟ್‌ಎಡಿಟ್ ಅದಕ್ಕೋಸ್ಕರ ತನ್ನ ಟೂಲ್‌ಬಾರ್‌ನಲ್ಲಿ ಬಟನ್ ನೆಡಬೇಕಾಗಿಲ್ಲ.

ಕಾಗುಣಿತ

ರೈಟ್ ಕ್ಲಿಕ್ ಮಾಡಿದರೆ ಅದೂ ಮೆನುವಿನಲ್ಲಿ ಇಣುಕುತ್ತೆ. ಆಗ ‘ನನ್ನ ಮೆನು ಯಾಕೆ ಉದ್ದ ಆಯ್ತು’ ಅಂತ ಇನ್ನೊಂದು ಚರ್ಚೆ ಶುರು ಮಾಡ್ತೀರಿ 🙂

ಖಾಲಿಹಾಳೆ

ಮಾಡೇ ಮಾಡ್ತೀನಿ.

ಬಿಲ್ಡ್‌ಬ್ರೇಕರ್

ಸಾಫ್ಟ್‌ವೇರ್ ಮಾಡುವ ಕಡೆಯಿಂದ ಎರಡು ಮಾತು. ನಾನು ಹಿಂದೆ ಇದ್ದ ಕಂಪನಿಯಲ್ಲಿ, ಹೆಸರು ಹೇಳಲ್ಲ, ಪ್ರತಿ ತಂಡಕ್ಕೂ ಒಂದು ಪ್ರಶ್ನೆ ಬರ್ತಿತ್ತು: ನಿಮ್ಮ ಪ್ರಾಡಕ್ಟ್‌ನಲ್ಲಿ ಎಐ ಎಲ್ಲಿ? ‘ನಮ್ಮದಕ್ಕೆ ಬೇಕಾಗಿಲ್ಲ’ ಅನ್ನೋದು ಉತ್ತರಗಳ ಪಟ್ಟಿಯಲ್ಲೇ ಇರಲಿಲ್ಲ. ಹಾಗಾಗಿ ಬಟನ್ ಮೊದಲು ಬಂತು, ಅದಕ್ಕೊಂದು ಕೆಲಸ ಆಮೇಲೆ ಹುಡುಕಿದರು. ಬಟನ್ ಇಟ್ಟ ಮೇಲೆ ಎಷ್ಟು ಜನ ಒತ್ತಿದರು ಅಂತ ಎಣಿಕೆ. ಕೈ ತಪ್ಪಿ ಒತ್ತಿದ್ದೂ ಎಣಿಕೆಗೆ ಬರುತ್ತೆ. ಎಡಿಟರ್ ತೆರೆದು ಏನೂ ಒತ್ತದೆ ಕೆಲಸ ಮುಗಿಸಿ ಖುಷಿಯಾಗಿ ಮುಚ್ಚಿದವರ ಎಣಿಕೆ ಯಾವ ಡ್ಯಾಶ್‌ಬೋರ್ಡಿನಲ್ಲೂ ಇಲ್ಲ. ಖಾಲಿಹಾಳೆ ಥರದವರು ನಮ್ಮ ಗ್ರಾಫಿನಲ್ಲಿ ಕಾಣೋದೇ ಇಲ್ಲ, ಅದೇ ಸಮಸ್ಯೆ.

ದುಡ್ಡಿನ ಕೋನವೂ ಇದೆ. ನೋಟ್‌ಪ್ಯಾಡ್‌ನ ಕ್ಲೌಡ್ ಎಐಗೆ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಬೇಕು, ಒತ್ತಿದಷ್ಟೂ ‘ಎಐ ಕ್ರೆಡಿಟ್’ ಖರ್ಚು. ಮೈಕ್ರೋಸಾಫ್ಟ್ 365ರ ಪರ್ಸನಲ್ ಚಂದಾದಲ್ಲಿ ತಿಂಗಳಿಗೆ 60 ಕ್ರೆಡಿಟ್ ಅಂತ ಹೇಳಿದ್ದರು. ನಲವತ್ತು ವರ್ಷ ಲಾಗಿನ್ ಅನ್ನೋದನ್ನೇ ಕಾಣದ ಪ್ರೋಗ್ರಾಂ ಒಳಗೆ ಚಂದಾದ ಲೆಕ್ಕ ಬಂದು ಕೂತಿದೆ. ‘ಕೋಪೈಲಟ್ ಪ್ಲಸ್’ ಪಿಸಿ ಇದ್ದರೆ 2025ರ ಸೆಪ್ಟೆಂಬರ್‌ನಿಂದ ಕಂಪ್ಯೂಟರ್ ಒಳಗೇ ಓಡುವ ಮಾದರಿ ಇದೆ, ಅದಕ್ಕೆ ಚಂದಾ ಬೇಡ. ಆದರೆ ಆ ಪಿಸಿಗೆ ಎನ್‌ಪಿಯು (ಎಐ ಲೆಕ್ಕಕ್ಕೆಂದೇ ಇರುವ ಭಾಗ) ಇರುವ ಪ್ರೊಸೆಸರ್, 16 ಜಿಬಿ ಮೆಮೊರಿ ಬೇಕು. ಟಿಪ್ಪಣಿ ಗೀಚೋಕೆ!

ಹಳೇಕೀಬೋರ್ಡ್

ಆಫೀಸ್ 97ರ ಪೇಪರ್ ಕ್ಲಿಪ್ ನೆನಪಿದೆಯಾ ಯಾರಿಗಾದರೂ? ‘ಪತ್ರ ಬರೀತಿರೋ ಹಾಗಿದೆ, ಸಹಾಯ ಬೇಕಾ’ ಅಂತ ಕಣ್ಣು ಪಿಳಿಪಿಳಿ ಬಿಡ್ತಿತ್ತು. 2001ರ ಆಫೀಸ್ ಎಕ್ಸ್‌ಪಿಯಲ್ಲಿ ಅದನ್ನು ತಾನಾಗಿ ಬಾರದಂತೆ ಮಾಡಿದರು, ಜಾಹೀರಾತಿನಲ್ಲಿ ಅವರೇ ಅದನ್ನು ಗೇಲಿಯೂ ಮಾಡಿದರು, ಆಫೀಸ್ 2007ರಲ್ಲಿ ಪೂರ್ತಿ ತೆಗೆದರು. ಹತ್ತು ವರ್ಷ ಬೇಕಾಯ್ತು. ಆದರೂ ಅದನ್ನು ನೋಟ್‌ಪ್ಯಾಡ್ ಒಳಗೆ ಬಿಡುವ ಧೈರ್ಯ ಆಗ ಯಾರಿಗೂ ಬರಲಿಲ್ಲ.

ರಾತ್ರಿಪಾಳಿ_ಅಡ್ಮಿನ್

ಮಾರಾಯ್ರೆ, ಬೈಯ್ಯುವುದು ಆಮೇಲೆ, ಮೊದಲು ಆಫ್ ಮಾಡಿ. ನೋಟ್‌ಪ್ಯಾಡ್‌ನಲ್ಲಿ ಬಲಗಡೆ ಮೇಲೆ ಗಿಯರ್ ಚಿಹ್ನೆ ಉಂಟಲ್ಲ, ಅದರೊಳಗೆ ಎಐದಕ್ಕೆ ಒಂದು ಸ್ವಿಚ್ ಉಂಟು. ಸ್ಪೆಲ್‌ಚೆಕ್, ಆಟೋಕರೆಕ್ಟ್, ಫಾರ್ಮ್ಯಾಟಿಂಗ್ ಒಂದೊಂದಕ್ಕೂ ಬೇರೆ ಬೇರೆ ಸ್ವಿಚ್. ಎಲ್ಲ ಆಫ್ ಮಾಡಿದರೆ ಹೆಚ್ಚುಕಮ್ಮಿ ಹಳೆಯ ನೋಟ್‌ಪ್ಯಾಡೇ. ಆಫೀಸಿನ ಎಲ್ಲ ಕಂಪ್ಯೂಟರಿಗೂ ಬೇಕಿದ್ದರೆ ನೋಟ್‌ಪ್ಯಾಡ್‌ನ ಎಐ ಮುಚ್ಚಲಿಕ್ಕೆ ಗ್ರೂಪ್ ಪಾಲಿಸಿಯೇ ಉಂಟು, ಒಬ್ಬೊಬ್ಬರ ಟೇಬಲ್ಲಿಗೆ ಹೋಗುವ ಅಗತ್ಯ ಇಲ್ಲ.

ನಿಜವಾಗಿ ಹಳೆಯದೇ ಬೇಕಾ? ಅದು ಇನ್ನೂ ಹೋಗಿಲ್ಲ. ವಿಂಡೋಸ್ ಫೋಲ್ಡರಿನ ಒಳಗೆ ಹಳೆಯ ಪ್ರೋಗ್ರಾಂ ಹಾಗೇ ಕೂತಿರುತ್ತದೆ. ಹೊಸದು ಸ್ಟೋರ್‌ನಿಂದ ಬರುವ ಆ್ಯಪ್. ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್‌ಗಳ ‘ಎಕ್ಸಿಕ್ಯೂಶನ್ ಅಲಿಯಾಸ್’ (ಹೆಸರು ಟೈಪ್ ಮಾಡಿದರೆ ಯಾವ ಆ್ಯಪ್ ತೆರೆಯಬೇಕು ಅನ್ನುವ) ಪಟ್ಟಿಯಲ್ಲಿ ನೋಟ್‌ಪ್ಯಾಡ್‌ದು ಆಫ್ ಮಾಡಿ. ಆಮೇಲೆ ರನ್ ಬಾಕ್ಸಿನಲ್ಲಿ ಹೆಸರು ಟೈಪ್ ಮಾಡಿದರೆ ಹಳೆಯದು ತೆರೆಯುತ್ತದೆ. ಎಫ್5 ಒತ್ತಿದರೆ ದಿನಾಂಕ, ಸಮಯ ಬೀಳುವುದು, ಮೊದಲ ಸಾಲಿನಲ್ಲಿ ಚುಕ್ಕಿ ಇಟ್ಟು ದೊಡ್ಡಕ್ಷರದಲ್ಲಿ ‘ಲಾಗ್’ ಅಂತ ಇಂಗ್ಲಿಷಿನಲ್ಲಿ ಬರೆದಿಟ್ಟರೆ ಫೈಲ್ ತೆರೆದಾಗಲೆಲ್ಲ ಕೊನೆಗೆ ಸಮಯ ಸೇರುವುದು, ಎಲ್ಲ ಉಂಟು. ನನಗೆ ಪಾಳಿಯ ಡೈರಿಗೆ ಅದೇ ಸಾಕು.

ಎಐ ಬಿಟ್ಟು ಇನ್ನೊಂದು ವಿಷಯ, ಯಾರೂ ಹೇಳಲಿಲ್ಲ. ಹೊಸ ನೋಟ್‌ಪ್ಯಾಡ್ ಸೇವ್ ಮಾಡದ ಟ್ಯಾಬನ್ನೂ ನೆನಪಿಟ್ಟುಕೊಳ್ಳುತ್ತದೆ. ಮುಚ್ಚಿ ತೆರೆದರೆ ಬರೆದದ್ದು ಅಲ್ಲೇ. ಒಳ್ಳೆಯದೇ, ಆದರೆ ಅದರ ಅರ್ಥ ನೀವು ಸೇವ್ ಮಾಡದ ಪಠ್ಯವೂ ಡಿಸ್ಕಿನಲ್ಲಿ ಎಲ್ಲೋ ಬರೆಯಲ್ಪಟ್ಟಿದೆ ಅಂತ. ‘ಪಾಸ್‌ವರ್ಡ್ ಒಂದು ಕ್ಷಣ ಇಲ್ಲಿ ಅಂಟಿಸ್ತೇನೆ, ಸೇವ್ ಮಾಡುವುದಿಲ್ಲ, ಮುಚ್ಚಿದರೆ ಹೋಯ್ತು’ ಅನ್ನುವ ಹಳೆಯ ಅಭ್ಯಾಸದವರು ಆ ಟ್ಯಾಬನ್ನೇ ಮುಚ್ಚಿ, ಇಲ್ಲವೇ ಹಿಂದಿನ ಸೆಷನ್ ತೆರೆಯದ ಹಾಗೆ ಸೆಟ್ಟಿಂಗ್ ಬದಲಿಸಿ.

ಅಲ್ಪವಿರಾಮ

ಅಯ್ಯೋ, ಈ ಟ್ಯಾಬ್ ವಿಷಯ ಗೊತ್ತಿರಲಿಲ್ಲ. ಥ್ಯಾಂಕ್ಸ್ ಸರ್.

ಸುಮ್ಮನೆಓದುಗ

ಯಾಕ್ರೀ ಇಷ್ಟ್ ತಲಿ ಕೆಡಿಸ್ಕೊಳ್ಳಾಕತ್ತೀರಿ. ನೋಟ್‌ಪ್ಯಾಡ್++ ಅಂತ ಬ್ಯಾರೇದ ಎಡಿಟರ್ ಐತಿ, ಅದನ್ನ ಹಾಕ್ಕೊಂಡ್ ಬಿಡ್ರಿ, 2003ರಿಂದ ಐತಿ, ಪುಕ್ಕಟೆ ಐತಿ.

ರಾತ್ರಿಪಾಳಿ_ಅಡ್ಮಿನ್

ಒಳ್ಳೆಯ ಎಡಿಟರ್, ನಾನೂ ಬಳಸ್ತೇನೆ. ಆದರೆ ಆವೃತ್ತಿ ನೋಡಿ ಹಾಕಿ. 2025ರಲ್ಲಿ ಕೆಲವು ತಿಂಗಳು ಅದರ ಅಪ್‌ಡೇಟ್ ದಾರಿಯನ್ನೇ ದಾಳಿಕೋರರು ಹಿಡಿದಿದ್ದರು, ಆಯ್ದ ಕೆಲವರಿಗೆ ನಕಲಿ ಅಪ್‌ಡೇಟ್ ಕಳಿಸಿದ್ದರು ಅಂತ ಅದರ ತಂಡವೇ 2026ರ ಫೆಬ್ರವರಿಯಲ್ಲಿ ವಿವರ ಕೊಟ್ಟಿತು. ಹಳೆಯ ಆವೃತ್ತಿ ಇದ್ದರೆ ಅಧಿಕೃತ ತಾಣದಿಂದ ಹೊಸದನ್ನು ಕೈಯಾರೆ ಇಳಿಸಿ ಹಾಕಿ.

ಅದೇ ತಿಂಗಳು ಮೈಕ್ರೋಸಾಫ್ಟ್ ನೋಟ್‌ಪ್ಯಾಡ್‌ನದ್ದೂ ಒಂದು ಭದ್ರತಾ ದೋಷ ಸರಿ ಮಾಡಿತು. ಮಾರ್ಕ್‌ಡೌನ್ ಫೈಲಿನಲ್ಲಿ ಇಟ್ಟ ದುಷ್ಟ ಲಿಂಕನ್ನು ಕ್ಲಿಕ್ ಮಾಡಿದರೆ ಹೊರಗಿನ ಕೋಡ್ ಓಡುವ ಅವಕಾಶ ಇತ್ತು. ನೋಟ್‌ಪ್ಯಾಡ್‌ನಲ್ಲಿ! ಲಿಂಕ್ ಅನ್ನುವುದೇ ಇಲ್ಲದಿದ್ದಾಗ ಈ ದೋಷಕ್ಕೆ ಜಾಗವೇ ಇರಲಿಲ್ಲ. ‘ಬೇಡದಿದ್ದರೆ ಒತ್ತಬೇಡಿ’ ಅನ್ನುವವರಿಗೆ ನನ್ನ ಉತ್ತರ ಇದೇ. ಒತ್ತದಿದ್ದರೂ ಆ ಕೋಡ್ ನಿಮ್ಮ ಕಂಪ್ಯೂಟರಿನಲ್ಲಿ ಉಂಟು, ಅದನ್ನು ಕಾಯುವ ಕೆಲಸ ನನ್ನ ಪಾಲಿಗೆ ಬರುತ್ತದೆ.

ಕಾಗುಣಿತ

ಇದು ಒಪ್ಪುವ ಮಾತು. ಇಷ್ಟು ಹೊತ್ತು ಎಲ್ಲರೂ ರುಚಿಯ ವಿಷಯ ಮಾತಾಡ್ತಿದ್ದರು, ಇದು ಬೇರೆ.

ಗೌಪ್ಯತೆ ಬಗ್ಗೆ ಒಂದು ಕೇಳ್ತೀನಿ. ಆಫೀಸಿನ ಪಠ್ಯ ಆಯ್ಕೆ ಮಾಡಿ ರೀರೈಟ್ ಕೊಟ್ಟರೆ ಅದು ಹೊರಗೆ ಹೋಗುತ್ತಾ?

ರಾತ್ರಿಪಾಳಿ_ಅಡ್ಮಿನ್

ಕ್ಲೌಡ್ ಮಾದರಿ ಆದರೆ ಹೋಗಲೇಬೇಕು ಅಲ್ವಾ, ಕೆಲಸ ನಡೆಯುವುದೇ ಅವರ ಸರ್ವರಿನಲ್ಲಿ. ಅಲ್ಲಿ ಇಟ್ಟುಕೊಳ್ಳುತ್ತಾರಾ ಇಲ್ಲವಾ ಅನ್ನುವುದು ಎರಡನೆಯ ಪ್ರಶ್ನೆ. ಗ್ರಾಹಕರ ಹೆಸರು, ಒಪ್ಪಂದದ ಕರಡು ಇಂಥದ್ದಾದರೆ ನಿಮ್ಮ ಆಫೀಸಿನ ನಿಯಮ ಮೊದಲು ಕೇಳಿ. ಸಾದಾ ಎಡಿಟರ್ ಅಂದರೆ ಪಠ್ಯ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ ಅಂತ ಜನ ನಂಬಿ ಕೂತಿದ್ದಾರೆ. ಆ ನಂಬಿಕೆಯ ಮೇಲೇ ಏನೇನೋ ಅಂಟಿಸುತ್ತಾರೆ, ನನಗೆ ನಿದ್ದೆ ಕೆಡಿಸುವುದು ಅದು.

ವಿಮ್‌ಭಕ್ತ

ಗುರು, ಮಜಾ ಗೊತ್ತಾ? 2025ರ ಮೇನಲ್ಲಿ, ನೋಟ್‌ಪ್ಯಾಡ್‌ಗೆ ‘ರೈಟ್’ ಬಂದ ಅದೇ ತಿಂಗಳಲ್ಲಿ, ಅದೇ ಮೈಕ್ರೋಸಾಫ್ಟ್ ‘ಎಡಿಟ್’ ಅಂತ ಒಂದು ಟರ್ಮಿನಲ್ ಎಡಿಟರ್ ಬಿಡ್ತು. ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, ಓಪನ್ ಸೋರ್ಸ್, 250 ಕೆಬಿಗಿಂತ ಕಮ್ಮಿ. ಹಳೇ ಡಾಸ್ ಎಡಿಟ್ ಥರಾನೇ ಮೆನು. ವಿಮ್‌ನಿಂದ ಹೊರಗೆ ಬರೋಕೆ ಗೊತ್ತಾಗದೆ ಒದ್ದಾಡೋರಿಗಾಗಿ ಅಂತ ಅವರೇ ಹೇಳ್ಕೊಂಡಿದ್ರು. ಸುಮ್ಮನೆಓದುಗ, ನಿಮಗೋಸ್ಕರಾನೇ ಮಾಡಿದ್ದು ಅದು.

ಕೋಡ್ ಬರೆಯೋರಿಗೆ ಇನ್ನೊಂದು. ವಿಎಸ್ ಕೋಡ್ ಎಡಿಟರ್‌ನಲ್ಲಿ ಎಐ ಎಲ್ಲ ಒಟ್ಟಿಗೆ ಮುಚ್ಚೋಕೆ ಒಂದೇ ಸೆಟ್ಟಿಂಗ್ ಕೊಟ್ಟಿದ್ದಾರೆ. ಝೆಡ್ ಎಡಿಟರ್ ಎಐ ಹೆಸರಲ್ಲೇ ಪ್ರಚಾರ ಮಾಡ್ಕೊಂಡಿದ್ದು, ಅಲ್ಲೂ 2025ರಲ್ಲಿ ಅಂಥದ್ದೇ ಬಂತು. ಒಂದು ಸಾಲು ಬರೆದ್ರೆ ಎಲ್ಲ ಮಾಯ. ಕೋಡ್ ಎಡಿಟರೇ ಇಷ್ಟು ಮರ್ಯಾದೆ ಕೊಡುವಾಗ ನೋಟ್ಸ್ ಬರೆಯೋ ಆ್ಯಪ್‌ಗಳಿಗೆ ಏನು ಬಂದಿದೆ ರೋಗ?

ಅಲ್ಪವಿರಾಮ

ಲಿನಕ್ಸ್‌ನಲ್ಲಿ ಇರುವವರಿಗೆ: ಮೌಸ್‌ಪ್ಯಾಡ್ ಅನ್ನುವ ಎಡಿಟರ್ ಸಾಕು. ಟರ್ಮಿನಲ್ ಆದರೆ ನ್ಯಾನೋ, ಒತ್ತಬೇಕಾದ ಕೀಗಳು ಕೆಳಗೇ ಬರೆದಿರುತ್ತವೆ. ಇದಕ್ಕಿಂತ ಹೆಚ್ಚು ಹೇಳೋಕೆ ಏನೂ ಇಲ್ಲ, ಅದೇ ಅವುಗಳ ಗುಣ.

ಬಿಲ್ಡ್‌ಬ್ರೇಕರ್

ಸ್ವಿಚ್ ಇದೆ ಅಂತ ಖುಷಿ ಪಡುವ ಮುಂಚೆ ಡಿಫಾಲ್ಟ್ ಏನಿದೆ ನೋಡಿ. ಬಹುತೇಕರು ಸೆಟ್ಟಿಂಗ್ಸ್ ಬಾಗಿಲು ತಟ್ಟೋದೇ ಇಲ್ಲ, ಅದನ್ನು ಮಾಡುವವರಿಗೂ ಚೆನ್ನಾಗಿ ಗೊತ್ತು. ನನ್ನ ಬೇಡಿಕೆ ಒಂದೇ: ಆಫ್ ಆಗಿ ಬರಲಿ.

ಕಾಗುಣಿತ

ಆಫ್ ಆಗಿ ಬಂದಿದ್ದರೆ ನನಗೆ ಅದು ಇದೆ ಅಂತಲೇ ಗೊತ್ತಾಗ್ತಿರಲಿಲ್ಲ. ನಾನೂ ಸೆಟ್ಟಿಂಗ್ಸ್ ತೆರೆಯುವ ಪೈಕಿ ಅಲ್ಲ. ನಿಮ್ಮ ನೆಮ್ಮದಿಯ ಲೆಕ್ಕ ಗ್ರಾಫಿನಲ್ಲಿ ಕಾಣಲ್ಲ ಅಂದ್ರಿ, ಹಾಗೇ ಆಗ ನನ್ನ ಅಗತ್ಯವೂ ಕಾಣ್ತಿರಲಿಲ್ಲ.

ಖಾಲಿಹಾಳೆ

ಇದಕ್ಕೆ ನನ್ನ ಹತ್ತಿರ ಥಟ್ ಅಂತ ಉತ್ತರ ಇಲ್ಲ. ಮೊದಲ ಸಲ ತೆರೆದಾಗ ಒಂದು ಪ್ರಶ್ನೆ ಕೇಳಲಿ: ಬೇಕಾ, ಬೇಡವಾ. ಬೇಡ ಅಂದವರ ಹತ್ತಿರ ಮತ್ತೆ ಕೇಳಬಾರದು, ಮುಂದಿನ ಅಪ್‌ಡೇಟ್‌ನಲ್ಲೂ. ಬೇಕು ಅಂದರೂ ಹಳೆಯ ಪಠ್ಯ, ಹೊಸ ಪಠ್ಯ ಪಕ್ಕಪಕ್ಕ ತೋರಿಸಬೇಕು, ಅಲ್ಪವಿರಾಮ ಹೇಳಿದ ಹಾಗೆ.

ಬಿಲ್ಡ್‌ಬ್ರೇಕರ್

ಕೇಳ್ತಾರೆ. ಆದರೆ ಆಯ್ಕೆಗಳು ‘ಹೌದು’ ಮತ್ತು ‘ಆಮೇಲೆ ನೆನಪಿಸಿ’ ಆಗಿರುತ್ತವೆ. ‘ಬೇಡ’ ಅನ್ನುವ ಮೂರನೆಯ ಬಟನ್‌ಗಾಗಿ ನಾನು ಮೀಟಿಂಗ್‌ನಲ್ಲಿ ಜಗಳ ಆಡಿದವನು, ಅದಕ್ಕೇ ಹೇಳ್ತಿದ್ದೀನಿ.

ಸುಮ್ಮನೆಓದುಗ

ಅಡ್ಮಿನ್ ಸಾಹೇಬ್ರ, ನೀವ್ ಹೇಳಿದ್ಹಂಗ ಅಲಿಯಾಸ್ ಆಫ್ ಮಾಡೀನಿ. ರನ್‌ದಾಗ ಹಳೇದ್ ತೆರೀತೈತಿ. ಆದ್ರ ಫೈಲ್ ಮ್ಯಾಲ ಡಬಲ್ ಕ್ಲಿಕ್ ಮಾಡಿದ್ರ ಹೊಸಾದ ಬರಾಕತ್ತೈತಿ.

ರಾತ್ರಿಪಾಳಿ_ಅಡ್ಮಿನ್

ಅದಕ್ಕೆ ಫೈಲಿನ ಮೇಲೆ ರೈಟ್ ಕ್ಲಿಕ್, ‘ಓಪನ್ ವಿತ್’, ಅಲ್ಲಿಂದ ವಿಂಡೋಸ್ ಫೋಲ್ಡರಿನ ಹಳೆಯ ಪ್ರೋಗ್ರಾಂ ಹುಡುಕಿ ಕೊಟ್ಟು ‘ಯಾವಾಗಲೂ’ ಅಂತ ಹಾಕಿ. ಆಗಲಿಲ್ಲವಾದರೆ ಸ್ಟೋರ್‌ನ ನೋಟ್‌ಪ್ಯಾಡನ್ನೇ ಅನ್‌ಇನ್‌ಸ್ಟಾಲ್ ಮಾಡಿ. ಅದಕ್ಕೆ ಮೊದಲು ಸೇವ್ ಮಾಡದ ಟ್ಯಾಬ್ ಏನಾದರೂ ತೆರೆದು ಇಟ್ಟಿದ್ದೀರಾ ನೋಡಿಕೊಳ್ಳಿ, ಆ್ಯಪ್ ಜೊತೆ ಅದೂ ಹೋಗುತ್ತದೆ.

ಸುಮ್ಮನೆಓದುಗ

ಹಾಕ್ದೆ, ಬಂತು. ಹಳೇ ಬಿಳಿ ಕಿಟಕಿ. ಫಾಂಟ್ ಸಣ್ಣದು ಅನಸ್ತೈತಿ, ದೊಡ್ಡದ್ ಮಾಡೋದ್ ಎಲ್ಲೈತ್ರಿ?

ರಾತ್ರಿಪಾಳಿ_ಅಡ್ಮಿನ್

‘ಫಾರ್ಮ್ಯಾಟ್’ ಮೆನು, ಅದರೊಳಗೆ ‘ಫಾಂಟ್’. ಇಲ್ಲವೇ ಕಂಟ್ರೋಲ್ ಹಿಡಿದು ಮೌಸಿನ ಚಕ್ರ ತಿರುಗಿಸಿ.